ಬಕೆಟ್ ಊರಿ ನಿಲ್ಲಿಸುವವರು

ಬ್ರೇಕ್ ಇಲ್ಲದ ಗಾಡಿಯನ್ನು ಓಡಿಸುವುದೂ ಒಂದು ವಿದ್ಯೆ ಎಂದು ಯಾರಾದರೂ ನನ್ನೆದುರು ಹೇಳಿದರೆ ಮೈ ಉರಿಯುತ್ತದೆ. ಶಿಕಾರಿಪುರದಿಂದ ಸೊರಬದವರೆಗೆ ಹಾಗೆ ಹೇಳುವವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಅವರಲ್ಲೊಬ್ಬರು ನನ್ನ ಅಕ್ಕನ ಗಂಡ, ನನ್ನ ಭಾವ. ಬೇರೆಯವರಾಗಿದ್ದರೆ ಬೈದು ಕಳಿಸುತ್ತಿದ್ದೆ. ಭಾವನನ್ನು ಬೈದು ಕಳಿಸುವುದು ಹೇಗೆ?

ನಾನು ಶಿಕಾರಿಪುರದ ಹೊರಗೆ, ಶಿರಾಳಕೊಪ್ಪದ ಕಡೆ ಹೋಗುವ ರಸ್ತೆಯ ಬದಿಗೆ ಶೆಡ್ ಹಾಕಿಕೊಂಡು ಮಣ್ಣು ಅಗೆಯುವ ಗಾಡಿಗಳ ರಿಪೇರಿ ಮಾಡುತ್ತೇನೆ. ಮುಂದೆ ಅಗಲವಾದ ಬಕೆಟ್, ಹಿಂದೆ ಚೇಳಿನ ಕೊಂಡಿಯ ಹಾಗೆ ಮಡಚಿಕೊಂಡ ತೋಳು ಇರುವ ಹಳದಿ ಗಾಡಿಗಳು. ಜನ ಅವನ್ನು ಒಂದು ಕಂಪನಿಯ ಹೆಸರಿನಿಂದಲೇ ಕರೆಯುತ್ತಾರೆ. ಯಾವ ಕಂಪನಿ ಮಾಡಿದ್ದಾದರೂ ಅದೇ ಹೆಸರು. ನಮ್ಮ ಶೆಡ್ಡಿನಲ್ಲಿ ಮಾತ್ರ ಅವು ಬರೀ ಗಾಡಿಗಳು. ಹೊಸವು ನನ್ನ ಬಳಿ ಬರುವುದಿಲ್ಲ. ಎರಡು ಮೂರು ಕೈ ದಾಟಿ, ಬಣ್ಣ ಹೋಗಿ, ಸೀಟು ಹರಿದು, ಬಾಗಿಲಿಗೆ ತಂತಿ ಕಟ್ಟಿಕೊಂಡವು ಬರುತ್ತವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಮುದಿಯಾದದ್ದು ಅವುಗಳ ತಪ್ಪಲ್ಲ.

ಗಾಡಿಯ ಶಕ್ತಿಯೆಲ್ಲ ಎಣ್ಣೆಯಲ್ಲಿದೆ. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಸಿಲಿಂಡರಿನೊಳಗೆ ನುಗ್ಗಿ ಹೊಳೆಯುವ ಉಕ್ಕಿನ ರಾಡನ್ನು ಹೊರಗೆ ತಳ್ಳುತ್ತದೆ, ರಾಡು ಬಕೆಟ್ಟನ್ನು ಎತ್ತುತ್ತದೆ. ಒಳಗಿನ ರಬ್ಬರ್ ಸೀಲು ಹರಿದರೆ ಎಣ್ಣೆ ಸೋರುತ್ತದೆ, ಎತ್ತಿದ ಬಕೆಟ್ ನಿಧಾನವಾಗಿ ಕೆಳಗಿಳಿಯುತ್ತದೆ. ಆಗ ಮಾಲೀಕರು ಓಡಿ ಬರುತ್ತಾರೆ. ಮನೆಯಲ್ಲಿ ಯಾರಿಗೋ ಹೆರಿಗೆ ನೋವು ಬಂದವರಂತೆ ಬರುತ್ತಾರೆ. ಬ್ರೇಕ್ ಹೋದರೆ ಯಾರೂ ಬರುವುದಿಲ್ಲ. ಯಾಕೆಂದರೆ ಸಿಲಿಂಡರ್ ಸೋರಿದರೆ ಕೆಲಸ ನಿಲ್ಲುತ್ತದೆ. ಬ್ರೇಕ್ ಹೋದರೆ ಕೆಲಸ ನಿಲ್ಲುವುದಿಲ್ಲ, ಗಾಡಿಯೂ ನಿಲ್ಲುವುದಿಲ್ಲ, ಅಷ್ಟೆ.

ಮತ್ತೆ ಗಾಡಿ ನಿಲ್ಲುವುದು ಹೇಗೆ ಅಂದರೆ, ಬಕೆಟ್ ಊರಿ. ಇದು ನಮ್ಮ ಕಡೆಯ ಡ್ರೈವರುಗಳು ತಾವೇ ಕಂಡುಕೊಂಡ ಉಪಾಯ. ರಸ್ತೆಯಲ್ಲಿ ಬರುತ್ತಿರುವಾಗ ಎದುರಿಗೆ ಏನಾದರೂ ಬಂದರೆ ಬ್ರೇಕಿನ ಮೇಲೆ ಕಾಲಿಡುವುದಿಲ್ಲ. ಬಲಗೈ ಲಿವರಿನ ಮೇಲೆ ಹೋಗುತ್ತದೆ, ಮುಂದಿನ ಬಕೆಟ್ ದಢ್ ಎಂದು ನೆಲಕ್ಕೆ ಬೀಳುತ್ತದೆ, ಗಾಡಿ ಮೂತಿ ಊರಿಕೊಂಡು ನಿಲ್ಲುತ್ತದೆ. ಮಣ್ಣಿನ ಮೇಲಾದರೆ ಗೆರೆ ಬೀಳುತ್ತದೆ, ಟಾರಿನ ಮೇಲಾದರೆ ಬೆಂಕಿ ಕಿಡಿ ಹಾರುತ್ತದೆ. ಹೀಗೆ ನಿಲ್ಲಿಸಬಲ್ಲವನು ದೊಡ್ಡ ಡ್ರೈವರ್. ಬ್ರೇಕ್ ಒತ್ತುವವನು ಇನ್ನೂ ಕಲಿಯುವವನು. ಇದನ್ನು ಮೀಸೆ ಬಂದ ಗಂಡಸರು ಟೀ ಅಂಗಡಿಯ ಮುಂದೆ ನಿಂತು ಗಂಭೀರವಾಗಿ ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ಅನ್ನಿಸುವುದು ಒಂದೇ. ಎದುರಿಗೆ ಮನುಷ್ಯ ನಿಂತಿದ್ದರೆ ಗಾಡಿಗಿಂತ ಮೊದಲು ಅವನಿಗೆ ತಾಗುವುದು ಆ ಬಕೆಟ್ಟೇ. ಯಾರನ್ನು ಉಳಿಸಬೇಕೋ ಅವನ ಮೇಲೇ ಬೀಳುವ ವಸ್ತುವಿಗೆ ಬ್ರೇಕ್ ಎಂದು ಹೆಸರಿಟ್ಟ ಬುದ್ಧಿವಂತರು ನಾವು.

ಭಾವನ ಊರು ಸೊರಬದಾಚೆ, ಗುಡವಿಯ ಕಡೆ. ಜಮೀನಿದೆ, ಮೆಕ್ಕೆಜೋಳದ ವ್ಯಾಪಾರವಿದೆ, ಜೊತೆಗೆ ಈ ಹಳೆಯ ಗಾಡಿ. ಹೊಂಡ ತೋಡುವುದು, ಗದ್ದೆ ಸಮ ಮಾಡುವುದು, ಕೆರೆಯ ಹೂಳೆತ್ತುವುದು, ಮಳೆ ಹಿಡಿಯುವವರೆಗೆ ಅದಕ್ಕೆ ಪುರುಸೊತ್ತಿರುವುದಿಲ್ಲ. ಓಡಿಸುವವನು ತಾಳಗುಂದದ ಕಡೆಯವನು. ಮದುವೆಯಾಗಿ ಮಕ್ಕಳಿರುವ, ಹೆಚ್ಚು ಮಾತಾಡದ, ಒಳ್ಳೆಯ ಕೈಯ ಡ್ರೈವರ್. ಹೊಂಡದ ಅಂಚನ್ನು ಬಾಚಿ ತೆಗೆದಂತೆ ಕಡಿಯುತ್ತಾನೆ. ಅವನ ಕೈ ಚೆನ್ನಾಗಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಈ ಬೇಸಿಗೆಯಲ್ಲಿ ಆ ಗಾಡಿ ಮತ್ತೆ ನನ್ನ ಶೆಡ್ಡಿಗೆ ಬಂತು. ಮುಂದಿನ ಬಕೆಟ್ ಎತ್ತುವ ಸಿಲಿಂಡರ್ ಸೋರುತ್ತಿತ್ತು. ಅದೇ ಸಿಲಿಂಡರಿಗೆ ದೀಪಾವಳಿಯ ಹೊತ್ತಿಗೆ ನಾನೇ ಹೊಸ ಸೀಲು ಹಾಕಿದ್ದೆ. ಗಾಡಿ ಸೊರಬದಿಂದ ಇಲ್ಲಿಯವರೆಗೆ ಲಾರಿಯ ಮೇಲೆ ಬಂದಿರಲಿಲ್ಲ, ತನ್ನ ಗಾಲಿಗಳ ಮೇಲೇ ಬಂದಿತ್ತು. ನಾನು ಹತ್ತಿ ಕೂತು, ಎಡ ಬಲ ಗಾಲಿಗೆ ಒಂದೊಂದರಂತೆ ಇರುವ ಎರಡೂ ಬ್ರೇಕ್ ಪೆಡಲ್ ಒತ್ತಿ ನೋಡಿದೆ. ಎಡಗಡೆಯದು ನೆಲ ಮುಟ್ಟಿತು. ಬಲಗಡೆಯದು ಅರ್ಧಕ್ಕೆ ಹೋಗಿ, ಯೋಚನೆ ಮಾಡಿ, ಅದೂ ನೆಲ ಮುಟ್ಟಿತು.

"ಭಾವ, ಇದ್ರಾಗ ಇನ್ನೂ ಬ್ರೇಕ್ ಇಲ್ಲಲ್ರೀ!" ಅಂದೆ.

ಭಾವ ಹಿಂದೆ ಬೈಕಿನಲ್ಲಿ ಬಂದಿದ್ದರು. ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕುತ್ತ, "ಅದು ಹೋಗಿ ಯಾವ ಕಾಲ ಆತು ಮಾರಾಯ. ಬಕೆಟ್ ಇದ್ಯಲ. ನೀನು ಸಿಲಿಂಡರ್ ನೋಡು, ಹೊಂಡದ ಕೆಲ್ಸ ಅರ್ಧಕ್ಕೆ ನಿಂತದೆ" ಅಂದರು. ಹೆಲ್ಮೆಟ್ ಹಾಕಿಕೊಂಡು ಬಂದ ಮನುಷ್ಯ ಹೇಳಿದ ಮಾತು ಇದು.

ಡ್ರೈವರ್ ನಕ್ಕ. ಭಾವ ಅವನ ಬೆನ್ನು ತಟ್ಟಿ, ಮೊಬೈಲ್ ತೆಗೆದು ನನಗೊಂದು ವಿಡಿಯೊ ತೋರಿಸಿದರು. ಟೀ ಅಂಗಡಿಯ ಮುಂದೆ ಗಾಡಿ ಬರುತ್ತದೆ, ಬಕೆಟ್ ಬೀಳುತ್ತದೆ, ನಿಂತ ಬೈಕಿಗೂ ಬಕೆಟ್ಟಿನ ಹಲ್ಲಿಗೂ ನಡುವೆ ಅಂಗೈ ಇಡುವಷ್ಟು ಜಾಗ. ಸುತ್ತ ನಿಂತವರು ಹೋ ಎಂದು ಕೂಗುತ್ತಾರೆ. "ಇವನ ಕೈ ಅಂದ್ರೆ ಕೈ ಕಣೋ. ಕಣ್ಣು ಮುಚ್ಚಿ ನಂಬಬೋದು" ಅಂದರು ಭಾವ. ಆ ವಿಡಿಯೊವನ್ನು ಅವರು ಸ್ಟೇಟಸ್ ಹಾಕಿಕೊಂಡಿದ್ದರಂತೆ. ನಾನು ಮೊಬೈಲ್ ವಾಪಸ್ ಕೊಟ್ಟು ಸ್ಪ್ಯಾನರ್ ಕೈಗೆತ್ತಿಕೊಂಡೆ. ಇಲ್ಲದಿದ್ದರೆ ಬಾಯಿಗೆ ಏನು ಬರುತ್ತಿತ್ತೋ ಹೇಳಲಾರೆ.

ಬಕೆಟ್ಟನ್ನು ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿ, ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಒಳಗಿನ ಒತ್ತಡ ಬಿಟ್ಟೆ. ಪಿನ್ನು ಹೊಡೆದು ಸಿಲಿಂಡರ್ ಇಳಿಸಿದೆ. ಬಾಯಿಯ ದೊಡ್ಡ ನಟ್ಟು ಕಚ್ಚಿಕೊಂಡಿತ್ತು. ಗ್ಯಾಸಿನಲ್ಲಿ ಕಾಯಿಸಿ, ಸ್ಪ್ಯಾನರಿಗೆ ಪೈಪ್ ತೊಡಿಸಿ, ಇಡೀ ಮೈಭಾರ ಹಾಕಿದ ಮೇಲೆ ಜರುಗಿತು. ರಾಡು ಎಳೆದರೆ ಸೀಲು ತುಂಡು ತುಂಡಾಗಿ ಬಂತು. ಸೀಲು ಸವೆದರೆ ನುಣ್ಣಗೆ ಸವೆಯುತ್ತದೆ. ಇದು ಕಿತ್ತುಹೋಗಿತ್ತು. ರಾಡನ್ನು ಎರಡು ದಿಮ್ಮಿಯ ಮೇಲಿಟ್ಟು ಉರುಳಿಸಿದೆ. ನಡುವೆ ಕುಂಟಿತು. ಬಗ್ಗಿತ್ತು.

ಬಕೆಟ್ ಎತ್ತಲು ಮಾಡಿದ ಸಿಲಿಂಡರ್ ಅದು. ಓಡುವ ಗಾಡಿಯ ಇಡೀ ಭಾರವನ್ನು ಗಕ್ಕನೆ ಮೂತಿಯಿಂದ ತಡೆಯಲು ಮಾಡಿದ್ದಲ್ಲ. ಪ್ರತಿ ಸಲ ಬಕೆಟ್ ಊರಿದಾಗಲೂ ಬ್ರೇಕಿನ ಕೆಲಸವನ್ನು ಈ ರಾಡು ಮಾಡಿದೆ, ಮಾಡಿ ಮಾಡಿ ಸೊಂಟ ಮುರಿದುಕೊಂಡಿದೆ. ಅಂದರೆ ರೋಗವಿದ್ದದ್ದು ಬ್ರೇಕಿನಲ್ಲಿ, ನಾವು ಔಷಧ ಹಾಕುತ್ತಿದ್ದದ್ದು ಸಿಲಿಂಡರಿಗೆ. ನಾನು ಇದನ್ನು ಭಾವನಿಗೆ ರಾಡು ತೋರಿಸಿಯೇ ಹೇಳಿದೆ. ಬ್ರೇಕ್ ಮಾಡದೆ ಸಿಲಿಂಡರ್ ಕೂರಿಸುವುದಿಲ್ಲ ಎಂದೂ ಹೇಳಿದೆ.

"ಬ್ರೇಕ್ ಬಿಚ್ಚಿದ್ರೆ ಎಷ್ಟು ದಿನ ನಿಲ್ಸ್ತೀಯ?" ಎಂದು ಕೇಳಿದರು.

"ಹಿಂದಿನ ಎಕ್ಸೆಲ್ ಬಿಚ್ಚಬೇಕ್ರಿ. ಒಳಗಿನ ಬ್ರೇಕ್ ಪ್ಲೇಟು ನೋಡಬೇಕು. ಸಾಮಾನು ಶಿವಮೊಗ್ಗದಿಂದ ಬರಬೇಕು. ಟೈಮ್ ಹಿಡೀತತಿ."

"ಹಂಗಾದ್ರೆ ಬ್ಯಾಡ. ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಂತಿರ್ತದಲ, ಆವಾಗ ಮಾಡು."

ಮಳೆಗಾಲದಲ್ಲಿ ಮಾಡು ಎಂದು ಕಳೆದ ವರ್ಷವೂ ಹೇಳಿದ್ದರು. ಮಳೆಗಾಲ ಬಂದಾಗ, ಸುಮ್ಮನೆ ನಿಂತ ಗಾಡಿಗೆ ಬ್ರೇಕ್ ಯಾಕೆ ಎಂದಿದ್ದರು. ನಿಂತಾಗ ಬೇಡ, ಓಡುವಾಗ ಪುರುಸೊತ್ತಿಲ್ಲ. ಈ ಲೆಕ್ಕದಲ್ಲಿ ಬ್ರೇಕ್ ಬೇಕಾಗುವ ದಿನ ಕ್ಯಾಲೆಂಡರಿನಲ್ಲೇ ಇಲ್ಲ. ನಾನು ರಾಡನ್ನು ಶಿವಮೊಗ್ಗದ ಲೇತಿಗೆ ಕಳಿಸಿ ನೆಟ್ಟಗೆ ಮಾಡಿಸಿ ತಂದೆ. ಆದರೆ ಕೂರಿಸದೆ ಮೂಲೆಗೆ ಒರಗಿಸಿಟ್ಟೆ.

ಆಗ ಅಕ್ಕನ ಫೋನ್ ಬಂತು. "ಎಂತದೋ ನಿಂದು ಹಟ? ಅವರು ಊಟಕ್ಕೆ ಕೂತ್ರೂ ಅದೇ ಮಾತು. ಸಿಲಿಂಡರ್ ಹಾಕಿ ಕಳ್ಸೋ ಮಾರಾಯ, ಸಂಬಂಧ ಕೆಡಿಸ್ಕಬೇಡ" ಅಂದಳು. ಅಕ್ಕ ಆ ಗಾಡಿ ಹೋಗುವ ರಸ್ತೆಯಲ್ಲೇ ಡೇರಿಗೆ ಹಾಲು ಹಾಕಲು ನಡೆದು ಹೋಗುತ್ತಾಳೆ. ಅದನ್ನು ಹೇಳಿದೆ. "ನಮ್ಮದೇ ಗಾಡಿ ನಂಗೆ ಗುದ್ದತ್ತೇನೋ?" ಎಂದು ನಕ್ಕಳು. ನಮ್ಮದೇ ಎಂಬುದು ಬಕೆಟ್ಟಿಗೆ ಗೊತ್ತಿರುತ್ತದೆಯೇ? ನನಗೆ ಫೋನ್ ಎತ್ತಿ ಎಸೆಯಬೇಕು ಅನ್ನಿಸಿತು.

ಮರುದಿನ ಭಾವ ಮಾರುಕಟ್ಟೆ ಯಾರ್ಡಿನಲ್ಲಿ ಕೆಲಸ ಮುಗಿಸಿ ಸೀದಾ ಶೆಡ್ಡಿಗೆ ಬಂದರು, ಜೊತೆಗೆ ಡ್ರೈವರ್. ಭಾವನ ಮುಖ ಬಿಗಿದುಕೊಂಡಿತ್ತು. ನಾನು ಕೂರಿಸದಿದ್ದರೆ ಬೇರೆ ಮೇಸ್ತ್ರಿಯನ್ನು ಇಲ್ಲಿಗೇ ಕರೆದುಕೊಂಡು ಬಂದು ಕೂರಿಸುತ್ತೇನೆ ಎಂದರು. ಅವರು ಹಾಗೆ ಮಾಡುವವರೇ. ಬರುವವನೂ ಬರುತ್ತಾನೆ, ಕೂರಿಸಿ ಕೊಟ್ಟು ಹೋಗುತ್ತಾನೆ, ಬ್ರೇಕ್ ಎಂಬ ಶಬ್ದ ಎತ್ತುವುದಿಲ್ಲ. ಅದಕ್ಕಿಂತ ಗಾಡಿ ಮುಂದೆಯೂ ನನ್ನ ಬಳಿಗೇ ಬರಲಿ ಎಂದು ಹಲ್ಲು ಕಚ್ಚಿ ಕೂರಿಸಿದೆ. ಹೊಸ ಸೀಲು, ನೆಟ್ಟಗಿನ ರಾಡು, ಹೊಸ ಹೋಸ್ ಪೈಪು. ಇಂಜಿನ್ ಚಾಲೂ ಮಾಡಿದರೆ ಬಕೆಟ್ ಬೆಣ್ಣೆಯ ಹಾಗೆ ಎದ್ದು ನಿಂತಿತು, ಒಂದಿಷ್ಟೂ ಜಾರಲಿಲ್ಲ. ಕೆಲಸ ಚೆನ್ನಾಗಿ ಆದಾಗ ಹೊಟ್ಟೆ ತಣ್ಣಗಾಗಬೇಕು. ನನಗೆ ಇನ್ನಷ್ಟು ಉರಿಯಿತು. ಬಕೆಟ್ ಹೀಗೆ ಕೇಳಿದ ಹಾಗೆ ಬೀಳುತ್ತದೆ ಅಂದ ಮೇಲೆ ಇವರು ಬ್ರೇಕಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ನನ್ನ ಶೆಡ್ಡಿನ ಹಿಂದೆ ಜಾಗ ಇಳಿಜಾರಾಗಿದೆ, ಕೆಳಗೆ ಜೋಳದ ಹೊಲ. ರಿಪೇರಿಯಾದ ಗಾಡಿಗಳನ್ನು ಅಲ್ಲೇ ಇಳಿಸಿ ನೋಡುವುದು. ಭಾವನಿಗೆ ಖುಷಿಯಾಗಿತ್ತು. "ಇಳ್ಸು ನೋಡನ, ಬಕೆಟ್ ಊರಿ ನಿಲ್ಸು, ಒಂದು ವಿಡಿಯೊ ಮಾಡ್ತೀನಿ" ಎಂದು ಡ್ರೈವರಿಗೆ ಹೇಳಿ, ಮೊಬೈಲ್ ತೆಗೆದು ಪಕ್ಕದ ಬೇವಿನ ಮರದ ಹಿಂದೆ ನಿಂತರು.

ಮರದ ಹಿಂದೆ! ನನಗೆ ಅದು ಕಾಣಿಸಿದ್ದೇ ತಡ, ತಲೆ ಸಿಡಿದುಹೋಯಿತು. ನಿಲ್ಲುವ ಜಾಗದ ಗುರುತಿಗೆ ಒಂದು ಕಲ್ಲು ಎತ್ತಿಕೊಂಡು ಹೋಗಿ ಇಳಿಜಾರಿನ ಕೆಳಗೆ ನಡುಮಧ್ಯ ಇಟ್ಟೆ. "ಭಾವ, ಅಲ್ಲಿಂದ ಏನ್ ಕಾಣ್ತತಿ? ಇಲ್ಲಿ ಬಂದು ಎದುರಿನಿಂದ ಮಾಡ್ರಿ. ಚೆನ್ನಾಗಿ ಬರ್ತತಿ" ಅಂದೆ.

ಭಾವ ನಕ್ಕರು. ನಾನು ನಗಲಿಲ್ಲ. "ಬರ್ರೀ. ಕಣ್ಣು ಮುಚ್ಚಿ ನಂಬಬೋದು ಅಂದ್ರಲ್ಲ. ಕಣ್ಣು ಬಿಟ್ಕೊಂಡೇ ನಿಲ್ರಿ."

ಡ್ರೈವರ್ ಆಗಲೇ ಸೀಟಿನಲ್ಲಿದ್ದ. ಇಂಜಿನ್ ಓಡುತ್ತಿತ್ತು. ಅವನಿಗೆ ಇದರಲ್ಲಿ ವ್ಯಂಗ್ಯ ಕಾಣಲಿಲ್ಲ, ತನ್ನ ಕೈ ತೋರಿಸಲು ಒಂದು ಅವಕಾಶ ಕಂಡಿತು. ಬಾಗಿಲಿನಿಂದ ತಲೆ ಹೊರಹಾಕಿ, ಮುಖ ಅರಳಿಸಿಕೊಂಡು ಕೂಗಿದ. "ಬರ್ರಿ ಗೌಡ್ರೆ, ನಿಲ್ರಿ. ನನ್ನ ಕೈ ನಿಮಗ ಗೊತ್ತೈತಲ್ರಿ. ನಿಮ್ಮ ಮುಂದ ತಂದು ಹೂವಿನಂಗ ಇಡ್ತೀನಿ."

ಭಾವ ಮರದ ಹಿಂದಿನಿಂದ ಬಂದರು. ಕಲ್ಲಿನ ಕಡೆ ಎರಡು ಹೆಜ್ಜೆ ಇಟ್ಟರು. ತಲೆ ಎತ್ತಿ ಮೇಲೆ ನಿಂತ ಗಾಡಿಯನ್ನು ನೋಡಿದರು, ಬಕೆಟ್ಟಿನ ಹಲ್ಲುಗಳನ್ನು ನೋಡಿದರು. ನಿಂತರು. ಮತ್ತೆ ಮರದ ಕಡೆಗೇ ಹೋದರು.

"ಬ್ಯಾಡ ಮಾರಾಯ. ಹೆಚ್ಚುಕಮ್ಮಿ ಆದ್ರೆ?"

"ಹೆಚ್ಚುಕಮ್ಮಿ ಅಂದ್ರ ಏನ್ರಿ?" ಡ್ರೈವರ್ ಕೇಳಿದ. ಅವನ ಮುಖದಲ್ಲಿ ಇನ್ನೂ ನಗು ಇತ್ತು.

"ಎಷ್ಟಂದ್ರೂ ಗಾಡಿ ಅಲ್ದೇನೋ? ಹೇಳಕ್ಕಾಗತ್ತಾ? ಬೇಕಾದ್ರೆ ಆ ಡ್ರಮ್ ಇಡು ಅಲ್ಲಿ."

ಡ್ರೈವರ್ ಇಂಜಿನ್ ಆರಿಸಿದ. ಅವನು ಕೆಳಗಿಳಿದು ಬರುವಾಗ ನಗು ಹೋಗಿತ್ತು. ಸಿಟ್ಟು ಬಂದಿರಲಿಲ್ಲ. ಏನೋ ಲೆಕ್ಕ ಹಾಕುವವನ ಹಾಗೆ ಭಾವನ ಮುಖವನ್ನೇ ನೋಡುತ್ತಿದ್ದ.

"ಹಂಗಾದ್ರ ದಿನಾ ರೋಡಿನಾಗ ನನ್ನ ಎದುರಿಗೆ ಬರೋರು ಯಾರ್ರಿ ಗೌಡ್ರೆ?" ಅಂದ.

ಭಾವ ಮೊಬೈಲನ್ನು ಜೇಬಿಗಿಟ್ಟರು. ಟೈಮ್ ಆಯಿತು, ಹೊಂಡದವರು ಕಾಯುತ್ತಿದ್ದಾರೆ, ಇದೆಲ್ಲ ಈಗ ಯಾಕೆ ಎಂದು ಏನೇನೋ ಗೊಣಗಿದರು. ಎಷ್ಟು ವರ್ಷದಿಂದ ನಾನು ಅರಚಿಕೊಂಡು ಹೇಳಿದ್ದನ್ನು ಅವನು ಒಂದೇ ಮಾತಿನಲ್ಲಿ ಕೇಳಿಬಿಟ್ಟಿದ್ದ. ಡ್ರೈವರ್ ಬೀಗದ ಕೈಯನ್ನು ಭಾವನಿಗೆ ಕೊಡಲಿಲ್ಲ, ನನ್ನ ಅಂಗೈಗೆ ಹಾಕಿದ. "ಬ್ರೇಕ್ ಬಿಚ್ರಿ ಮೇಸ್ತ್ರಿ. ಅದು ಆಗೋ ತನಕ ನಾ ಹತ್ತಂಗಿಲ್ಲ" ಅಂದ. ಭಾವ ಬೈಕ್ ಹತ್ತಿ ಹೋದರು. ಹೆಲ್ಮೆಟ್ ಹಾಕಿಕೊಳ್ಳುವುದನ್ನು ಮರೆಯಲಿಲ್ಲ.

ನಾನು ಅಂದೇ ಬ್ರೇಕಿಗೆ ಕೈ ಹಾಕಿದೆ. ಪೆಡಲಿನ ಹಿಂದಿರುವ ಚಿಕ್ಕ ಸಿಲಿಂಡರ್ ಬಿಚ್ಚಿದರೆ ಒಳಗಿನ ರಬ್ಬರುಗಳು ನೆನೆಸಿಟ್ಟ ಕಡಲೆಯ ಹಾಗೆ ಊದಿಕೊಂಡಿದ್ದವು. ಯಾಕೆಂದು ಮೂಸಿ ನೋಡಿದರೇ ತಿಳಿಯಿತು. ಈ ಗಾಡಿಯ ಬ್ರೇಕಿಗೆ ಬಕೆಟ್ಟಿಗೆ ಹಾಕುವಂಥ ಎಣ್ಣೆಯನ್ನೇ ಹಾಕಬೇಕು. ಯಾರೋ ಲಾರಿ, ಕಾರುಗಳಿಗೆ ಹಾಕುವ ಬ್ರೇಕ್ ಆಯಿಲ್ ತಂದು ಸುರಿದಿದ್ದರು. ಬ್ರೇಕಿಗೆ ಬ್ರೇಕ್ ಆಯಿಲ್ ಹಾಕದೆ ಇನ್ನೇನು ಹಾಕುವುದು ಎಂಬ ಸಜ್ಜನರ ಯೋಚನೆ. ರಬ್ಬರು ಊದಿತು, ಹಿಡಿಯಿತು, ಹರಿಯಿತು. ಬ್ರೇಕ್ ಸತ್ತಿದ್ದು ಹಾಗೆ. ಅಂಗೈಯಗಲದ ಒಂದು ಪೊಟ್ಟಣದಲ್ಲಿ ಬರುವ ರಬ್ಬರುಗಳು ಅವು. ಅವನ್ನು ಬದಲಿಸುವ ಬದಲು ಇವರು ಬಕೆಟ್ ಊರುವ ವಿದ್ಯೆ ಕಲಿತು, ವಿಡಿಯೊ ಮಾಡಿ, ಮೆರೆದರು. ಎಕ್ಸೆಲ್ ಬಿಚ್ಚಿದರೆ ಗಾಲಿ ಹಿಡಿಯುವ ಪ್ಲೇಟುಗಳೂ ಕಾಗದದಂತೆ ಸವೆದಿದ್ದವು. ಪ್ಲೇಟು ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದವು. ಡ್ರೈವರ್ ಪ್ರತಿದಿನ ತಾಳಗುಂದದ ಕಡೆಯಿಂದ ಬಂದು ನನ್ನ ಜೊತೆ ಕೈ ಹಾಕಿದ. ಭಾವ ಬರಲಿಲ್ಲ, ಫೋನೂ ಮಾಡಲಿಲ್ಲ. ಅಕ್ಕ ಮಾತ್ರ ಒಮ್ಮೆ ಮಾಡಿ, "ಆತೇನೋ?" ಎಂದಷ್ಟೇ ಕೇಳಿದಳು.

ಎಲ್ಲ ಕೂರಿಸಿದ ಮೇಲೆ ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲ ಮಾಡಿ ಗಾಳಿ ಬಿಡಬೇಕು. ನಾನು ಗಾಡಿಯ ಕೆಳಗೆ ಮಲಗಿದ್ದೆ, ಅವನು ಮೇಲಿದ್ದ. ನನಗೆ ಅವನ ಮುಖ ಕಾಣುತ್ತಿರಲಿಲ್ಲ. "ಒತ್ತು" ಅನ್ನುತ್ತಿದ್ದೆ, "ಒತ್ತೀನ್ರಿ" ಅನ್ನುತ್ತಿದ್ದ. ಗಾಳಿ ಇನ್ನೂ ಹೋಗಿರಲಿಲ್ಲ, ಬರೀ ನೊರೆ ಬರುತ್ತಿತ್ತು.

"ಒಂದ್ ಮಾತ್ರಿ ಮೇಸ್ತ್ರಿ," ಅಂದ ಮೇಲಿನಿಂದ. "ಗುಡವಿ ಕಡಿ ಕೆರಿ ಏರಿ ಮ್ಯಾಲ ಬರಬೇಕಾದ್ರ ಒಂದ್ಸಲ ತಿರುವಿನ್ಯಾಗ ಒಬ್ಬ ಅಮ್ಮ ಎದುರಿಗಾದ್ಲು. ತಲಿ ಮ್ಯಾಲ ಹುಲ್ಲಿನ ಹೊರಿ ಇತ್ತು. ಬಕೆಟ್ ಬಿಟ್ಟೆ. ಹೊರಿಗೆ ತಾಗಿ ಹುಲ್ಲೆಲ್ಲ ಚೆಲ್ಲಿ ಬಿತ್ತು. ಆಕಿಗೇನೂ ಆಗ್ಲಿಲ್ರಿ. ಹಂಗೇ ನೆಲದ ಮ್ಯಾಲ ಕುಂತುಬಿಟ್ಲು."

"ಆಮೇಲೆ?" ಅಂದೆ.

"ಏರಿ ಮ್ಯಾಲಿದ್ದೋರೆಲ್ಲ ಚಪ್ಪಾಳಿ ಹೊಡದ್ರು. ಎಂಥಾ ಕೈಯಪ್ಪಾ ನಿಂದು ಅಂದ್ರು. ನಾನೂ ನಕ್ಕೆ. ಆಕಿ ಎದ್ದು ಹುಲ್ಲನ್ನ ಅಲ್ಲೇ ಬಿಟ್ಟು ಹೋದ್ಲು. ನನ್ನ ಕಡಿ ನೋಡ್ಲೇ ಇಲ್ಲ."

ನನಗೆ ಆ ಚಪ್ಪಾಳೆ ಹೊಡೆದವರೆಲ್ಲರ ಕೆನ್ನೆಗೂ ಒಂದೊಂದು ಬಿಡಬೇಕು ಅನ್ನಿಸಿತು. ಒಬ್ಬ ಹೆಂಗಸು ಸಾವಿನಿಂದ ಪಾರಾಗಿ ನೆಲದ ಮೇಲೆ ಕೂತಿದ್ದಾಳೆ, ಅವಳನ್ನು ಹಿಡಿದೆತ್ತುವ ಬದಲು ಡ್ರೈವರನ ಕೈಯನ್ನು ಹೊಗಳಿದ ಜನ ಅವರು. ಮತ್ತೆ ನಿಪ್ಪಲ್ಲಿಗೆ ಸ್ಪ್ಯಾನರ್ ಹಚ್ಚಿದೆ.

"ಒತ್ತು" ಅಂದೆ.

ಒತ್ತಿದ. ನಿಪ್ಪಲ್ಲಿನಿಂದ ಎಣ್ಣೆ ನೊರೆಯಿಲ್ಲದೆ, ಒಂದೇ ಎಳೆಯಾಗಿ ಬಂತು. ಬಿಗಿ ಮಾಡಿದೆ. "ಈಗ ನೋಡು, ಹೆಂಗೈತಿ?"

"ಗಟ್ಟಿ ಐತ್ರಿ," ಅಂದ. "ಕಲ್ಲಿನಂಗೈತಿ."

"ಆಯ್ತು, ಬಿಡು. ಕೆಲಸ ಮುಗೀತು."

ನಾನು ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದೆ, ಎದ್ದೆ, ಕೈ ಒರೆಸಿಕೊಂಡೆ. ಅವನು ಇನ್ನೂ ಸೀಟಿನ ಮೇಲೇ ಕೂತಿದ್ದ. ಎದುರಿಗೆ ನೆಟ್ಟ ಕಣ್ಣು ನೆಟ್ಟ ಹಾಗೇ ಇತ್ತು. ಬಿಡು ಎಂದು ಮತ್ತೊಮ್ಮೆ ಹೇಳಿದೆ. ಅವನು ಪೆಡಲಿನ ಮೇಲಿನಿಂದ ಕಾಲು ತೆಗೆಯಲಿಲ್ಲ.